ಸೇವೆಗೆ ಬಂದವರು ಮೊದಲು ಕೂರಲಿ

ಶಂಕರಪುರಂನ ರಂಗರಾವ್ ರಸ್ತೆಯಲ್ಲಿ ಬೆಳಗಿನ ಹೊತ್ತು ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಜನ ಬೀದಿಗೇ ಬಂದು ನಿಂತಿರುತ್ತಾರೆ. 1965ರಿಂದ ನಡೆದುಕೊಂಡು ಬಂದಿರುವ ಪದ್ಧತಿ ಅದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಎಲ್ಲರೂ ನಿಂತೇ ತಿನ್ನುತ್ತಾರೆ. ಆ ಗುಂಪಿನಲ್ಲಿ ಆಗಾಗ ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ವಿದೇಶಿ ಹುಡುಗ ಹುಡುಗಿಯರು ಕಾಣುತ್ತಾರೆ. ಅವರಲ್ಲಿ ಕೆಲವರು ಊರು ನೋಡಲು ಬಂದವರಲ್ಲ, ಕೆಲಸ ಮಾಡಲು ಬಂದವರು. ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಠ, ಆರೋಗ್ಯ ಶಿಬಿರ, ಕೆರೆಯ ಕೆಲಸ, ಕುಂದಾಪುರದ ಕಡೆ ಕಡಲಾಮೆ ಮೊಟ್ಟೆಗಳ ಕಾವಲು ಹೀಗೆ ಯಾವುದೋ ಸಂಸ್ಥೆಯ ಮೂಲಕ ಸಂಬಳವಿಲ್ಲದ ದುಡಿಮೆಗೆ ಒಪ್ಪಿಕೊಂಡು ವಿಮಾನ ಹತ್ತಿದವರು. ಲಸಿಕೆ ಹಾಕಿಸಿಕೊಂಡಿರುತ್ತಾರೆ, ನೀರು ಕುದಿಸಿ ಕುಡಿಯಬೇಕೆಂದು ಕೇಳಿಕೊಂಡಿರುತ್ತಾರೆ. ಬಂದ ಮರುದಿನವೇ ಏನಾದರೂ ಮಾಡಿ ತೋರಿಸಬೇಕು ಎಂಬ ಆತುರ ಮಾತ್ರ ಅವರ ಮುಖದ ಮೇಲೆಯೇ ಬರೆದಿರುತ್ತದೆ.

ಆ ಆತುರ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೂ ಹೊಸ ಊರಿಗೆ ಸೇವೆಗೆಂದು ಬಂದವರು ಮೊದಲ ಭೇಟಿಯಲ್ಲಿ ಮಾಡಬೇಕಾದ ಕೆಲಸ ಒಂದೇ: ಕೂರುವುದು. ಯಾರ ಮನೆಗೆ ಬಂದಿದ್ದೇವೋ ಅವರು ಕೊಟ್ಟದ್ದನ್ನು ತಿಂದು, ಹೇಳಿದ್ದನ್ನು ಕೇಳಿ, ಅವರ ಹೆಸರು ಕಲಿತು, ಅವರಿಗೆ ಏನು ಬೇಕು ಎಂಬುದನ್ನು ಅವರ ಬಾಯಿಂದಲೇ ತಿಳಿಯುವವರೆಗೆ ಕೂರುವುದು. ನಮ್ಮ ಬಸವನಗುಡಿ, ಚಾಮರಾಜಪೇಟೆಯ ಮನೆಗಳಿಗೆ ಬರುವ ವಿದೇಶಿಯರಿಗೂ ಇದೇ ಮಾತು. ಇಲ್ಲಿಂದ ಆಫ್ರಿಕಾಕ್ಕೋ ನೇಪಾಳಕ್ಕೋ ಹೊರಡುವ ನಮ್ಮ ಮಕ್ಕಳಿಗೂ ಇದೇ ಮಾತು.

ಶಂಕರಪುರಂನಿಂದ ನಡೆದೇ ಹೋಗಬಹುದಾದ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮಕ್ಕೆ 1911ರಲ್ಲಿ ಶ್ರೀಮಾತೆ ಶಾರದಾದೇವಿ ಬಂದಿದ್ದರು. ಆಶ್ರಮ ಆಗಿನ್ನೂ ಹೊಸದು, 1909ರಲ್ಲಿ ಸ್ವಾಮಿ ಬ್ರಹ್ಮಾನಂದರು ಉದ್ಘಾಟಿಸಿದ್ದು. ಶಾರದಾದೇವಿಯವರಿಗೆ ಬಂಗಾಳಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ಇಲ್ಲಿನ ಜನರಿಗೆ ಬಂಗಾಳಿ ಬರುತ್ತಿರಲಿಲ್ಲ. ಗವಿಪುರದ ಗುಹಾಲಯಕ್ಕೆ ಹೋಗಿ ವಾಪಸು ಬರುವಷ್ಟರಲ್ಲಿ ಆಶ್ರಮದ ಅಂಗಳ ತುಂಬ ಜನ. ಅವರ ಭಾಷೆ ಗೊತ್ತಿದ್ದಿದ್ದರೆ ಎರಡು ಸಮಾಧಾನದ ಮಾತು ಹೇಳಬಹುದಿತ್ತಲ್ಲ ಎಂದು ಅವರು ಜೊತೆಗಿದ್ದ ಸ್ವಾಮಿಗಳೊಬ್ಬರ ಬಳಿ ಹೇಳಿಕೊಂಡರಂತೆ. ಅದನ್ನು ಜನರಿಗೆ ತಿಳಿಸಿದಾಗ, ಮಾತು ಬೇಡ, ಹೀಗೆ ಕೂತಿರುವುದೇ ಸಾಕು, ಮನಸ್ಸು ತುಂಬಿದೆ ಎಂದು ಉತ್ತರ ಬಂತು. ಅವರು ಕೂತಿದ್ದ ಬಂಡೆಯನ್ನು ಆಶ್ರಮದಲ್ಲಿ ಇವತ್ತಿಗೂ ಪೂಜ್ಯವಾಗಿ ಉಳಿಸಿಕೊಂಡಿದ್ದಾರೆ. ಅವರನ್ನು ಸ್ವಯಂಸೇವಕರ ಸಾಲಿಗೆ ಸೇರಿಸುವುದು ನನ್ನ ಉದ್ದೇಶವಲ್ಲ. ಭಾಷೆ ಬಾರದ ಊರಿನಲ್ಲಿ ಮೊದಲ ಭೇಟಿ ಹೇಗಿರಬಹುದು ಎಂಬುದಕ್ಕೆ ನಮ್ಮ ಬಡಾವಣೆಯ ಅಂಚಿನಲ್ಲೇ ಇಂಥ ನಿದರ್ಶನವಿದೆ ಎಂಬುದನ್ನು ನೆನಪಿಸಬೇಕೆನಿಸಿತು.

ಅದೇ ಪರಂಪರೆಯಲ್ಲಿ ನಿಜವಾಗಿಯೂ ಸೇವೆಗೆಂದೇ ಸಮುದ್ರ ದಾಟಿ ಬಂದವರು ಐರ್ಲೆಂಡಿನ ಮಾರ್ಗರೆಟ್ ನೋಬಲ್, ನಮಗೆ ಸೋದರಿ ನಿವೇದಿತಾ. 1898ರ ಜನವರಿ 28ರಂದು ಕಲ್ಕತ್ತಾದಲ್ಲಿ ಹಡಗಿನಿಂದ ಇಳಿದರು. ಅದಕ್ಕೆ ಆರು ತಿಂಗಳು ಮೊದಲು, 1897ರ ಜುಲೈ 29ರಂದು, ವಿವೇಕಾನಂದರು ಅವರಿಗೆ ಬರೆದ ಪತ್ರವನ್ನು ವಿದೇಶಕ್ಕೆ ಸ್ವಯಂಸೇವಕರನ್ನು ಕಳಿಸುವ ಪ್ರತಿ ಸಂಸ್ಥೆಯೂ ಓದಿಸಬೇಕು. ಬಾ ಎಂದು ಕರೆಯುವ ಪತ್ರವೇ ಅದು, ಆದರೆ ಅದರಲ್ಲಿ ಯಾವ ಬಣ್ಣದ ಮಾತೂ ಇಲ್ಲ. ಇಲ್ಲಿನ ಬಡತನ, ಮೂಢನಂಬಿಕೆ, ಜಾತಿಯ ಗೋಡೆ, ಬಿಳಿಯರನ್ನು ಕಂಡರೆ ಜನರಿಗಿರುವ ಭಯ ಮತ್ತು ದ್ವೇಷ, ಅತ್ತ ಬಿಳಿಯರೇ ಆಕೆಯನ್ನು ಅನುಮಾನದಿಂದ ನೋಡುವುದು, ಸುಡುವ ಬಿಸಿಲು, ಊರಾಚೆ ಯಾವ ಸೌಕರ್ಯವೂ ಸಿಗದಿರುವುದು ಎಲ್ಲವನ್ನೂ ಒಂದೊಂದಾಗಿ ಹೇಳಿ, ಇಷ್ಟಾದರೂ ಬರುವ ಧೈರ್ಯವಿದ್ದರೆ ಸ್ವಾಗತ ಎಂದಿದ್ದಾರೆ. ಕೆಲಸ ಕೈಗೂಡಿದರೂ ಕೂಡದಿದ್ದರೂ ಕೊನೆಯವರೆಗೆ ಜೊತೆಗಿರುತ್ತೇನೆ ಎಂಬ ಭರವಸೆಯೂ ಅದರಲ್ಲಿದೆ. ಬಂದ ಮೇಲೆ ನಿವೇದಿತಾ ಬಂಗಾಳಿ ಕಲಿತರು, ಬಾಗ್‌ಬಜಾರಿನ ಹೆಂಗಸರ ನಡುವೆ ಓಡಾಡಿದರು, ತಿಂಗಳುಗಳು ಕಳೆದು ನವೆಂಬರ್‌ನಲ್ಲಿ ಶಾಲೆ ತೆರೆದರು. 1899ರಲ್ಲಿ ಪ್ಲೇಗ್ ಬಂದಾಗ ಪೊರಕೆ ಹಿಡಿದು ಬೀದಿಗಿಳಿದರು. ಹಿಂದಿನ ವರ್ಷ ಅದೇ ಪ್ಲೇಗ್ ಬೆಂಗಳೂರಿನ ಪೇಟೆಗಳನ್ನು ಬರಿದು ಮಾಡಿತ್ತು. ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೇಗ ಬೆಳೆದದ್ದು ಆ ಭಯದಿಂದಲೇ ಎಂಬುದನ್ನು ಇಲ್ಲಿಯ ಹಳೆಯ ಮನೆತನಗಳು ಬಲ್ಲವು. ಪೊರಕೆಗೆ ಮೊದಲು ನೆರೆಹೊರೆ, ನೆರೆಹೊರೆಗೆ ಮೊದಲು ಭಾಷೆ, ಇದು ನಿವೇದಿತಾ ಹಿಡಿದ ಕ್ರಮ.

ನಾನೇ ಹತ್ತಿರದಿಂದ ಕಂಡ ಒಂದು ಮೊದಲ ಸಂಜೆಯನ್ನು ಇಲ್ಲಿ ಹೇಳಬೇಕು. ಶಂಕರ ಮಠದ ಹಿಂಭಾಗದ ಅಡ್ಡರಸ್ತೆಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಅವರೆಕಾಯಿ ಕಾಲ, ಪಕ್ಕದ ವಿ.ವಿ. ಪುರಂ ತಿಂಡಿ ಬೀದಿಯಲ್ಲೆಲ್ಲ ಸೊಗಡಿನ ವಾಸನೆ. ಜರ್ಮನಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಆ ದೇಶದ ಸರ್ಕಾರ 2008ರಲ್ಲಿ ಆರಂಭಿಸಿದ ವೆಲ್ಟ್‌ವೆರ್ಟ್ಸ್ ಎಂಬ ಕಾರ್ಯಕ್ರಮ 18ರಿಂದ 28 ವಯಸ್ಸಿನವರನ್ನು ಹೀಗೆ ದೂರದ ದೇಶಗಳಿಗೆ ಕಳಿಸುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಕಾಫಿ ಕುಡಿದು ಮುಗಿಸುವ ಮೊದಲೇ, ನಾನೇನು ಸಹಾಯ ಮಾಡಲಿ ಎಂದು ಮನೆಯ ಅಜ್ಜಿಯನ್ನು ಅವರ ಮೊಮ್ಮಗನ ಮೂಲಕ ಕೇಳಿಸಿದಳು.

“ಸಹಾಯ ಏನೂ ಬೇಡ ಕಣಮ್ಮ, ಬಾ, ಕೂತ್ಕೋ” ಎಂದರು ಅಜ್ಜಿ. ನಡುಮನೆಯಲ್ಲಿ ಚಾಪೆ ಹಾಸಿ, ನೆನೆಸಿದ ಅವರೆಕಾಳಿನ ಪಾತ್ರೆ ತಂದಿಟ್ಟರು. ಹಿತಕಿದ ಬೇಳೆ ಸಾರಿಗೆ ಕಾಳಿನ ಸಿಪ್ಪೆ ಬಿಡಿಸಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಒಂದು ತುದಿಯಲ್ಲಿ ಮೆಲ್ಲಗೆ ಒತ್ತಿದರೆ ಇನ್ನೊಂದು ತುದಿಯಿಂದ ಬೇಳೆ ಜಾರಿ ಹೊರಗೆ ಬರುತ್ತದೆ. ಒತ್ತಡ ಹೆಚ್ಚಾದರೆ ಬೇಳೆ ಹಾರಿ ಹೋಗುತ್ತದೆ. ಆಕೆಯ ಮೊದಲ ಬೇಳೆ ದಿವಾನದ ಕೆಳಗೆ ಹೋಯಿತು, ಎರಡನೆಯದು ಅಜ್ಜಿಯ ಸೆರಗಿಗೆ ಬಿತ್ತು. ಅಜ್ಜಿ ಆಕೆಯ ಬೆರಳನ್ನೇ ಹಿಡಿದು ತೋರಿಸಿಕೊಟ್ಟರು. ಅಜ್ಜಿಯ ಬಟ್ಟಲು ತುಂಬುವ ಹೊತ್ತಿಗೆ ಆಕೆಯದರಲ್ಲಿ ಒಂದು ಹಿಡಿ ಆಗಿತ್ತು.

ಆ ಹೊತ್ತಿನಲ್ಲಿ ನಡೆದ ಮಾತುಕತೆ ಪೂರ್ತಿ ಅಜ್ಜಿಯದೇ. ಅಮ್ಮನ ಹೆಸರೇನು, ಒಡಹುಟ್ಟಿದವರು ಎಷ್ಟು ಜನ, ನಿಮ್ಮೂರಲ್ಲಿ ಈಗ ಹಿಮ ಬೀಳ್ತಿದೆಯಾ, ನಿನಗೂ ಅಜ್ಜಿ ಇದ್ದಾರಾ? ಇದ್ದಾರೆ, ಬೇರೆ ಊರಲ್ಲಿ ಒಬ್ಬರೇ ಇರುತ್ತಾರೆ ಎಂದಳು ಹುಡುಗಿ. ಅಜ್ಜಿಯ ಕೈ ನಿಂತಿತು. “ಒಬ್ರೇನಾ? ಅಡುಗೆಗೆ ಯಾರಿದ್ದಾರೆ? ಜ್ವರ ಬಂದ್ರೆ?” ಎಂದು ಕೇಳಿದರು. ಉತ್ತರ ಕೇಳಿ ನಿಟ್ಟುಸಿರಿಟ್ಟು, ಆ ಹುಡುಗಿಯ ತಟ್ಟೆಗೆ ಆವತ್ತು ಎಲ್ಲರಿಗಿಂತ ಹೆಚ್ಚು ಸಾರು ಬಡಿಸಿದರು. ನಮಗೆ ಸಹಾಯ ಮಾಡಲು ಬಂದವಳ ಬಗ್ಗೆ ಈ ಮನೆಯಲ್ಲಿ ಮರುಕ ಹುಟ್ಟಿತ್ತು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಲೆಕ್ಕ ಮೊದಲ ಸಂಜೆಯೇ ಅದಲುಬದಲಾಯಿತು. ಹಾಗೆ ಆಗುವುದೇ ಸರಿ. ಮನೆಯವರು ಮೊದಲು ಕೊಟ್ಟು, ಬಂದವರು ಮೊದಲು ಪಡೆದರೆ ಮಾತ್ರ ಮುಂದೆ ಆ ಸ್ವಯಂಸೇವಕಿ ಏನಾದರೂ ಕೊಟ್ಟಾಗ ಅದು ಭಿಕ್ಷೆ ಆಗುವುದಿಲ್ಲ.

ಮೊದಲ ದಿನಗಳ ಆತುರ ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ಜಗತ್ತು ನೆನಪಿಟ್ಟುಕೊಂಡಿರುವ ಉದಾಹರಣೆ ನೈಜೀರಿಯಾದ್ದು. ಅಮೆರಿಕದ ಅಧ್ಯಕ್ಷ ಕೆನಡಿ 1961ರ ಮಾರ್ಚ್‌ನಲ್ಲಿ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಪೀಸ್ ಕೋರ್ ಸಂಸ್ಥೆಯನ್ನು ಸ್ಥಾಪಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಅದರ ತರಬೇತಿಗೆಂದು ಇಳಿದಿದ್ದ ಯುವತಿಯೊಬ್ಬಳು ಊರಿನ ಬಡತನ, ಕೊಳಕು, ಬೀದಿಯಲ್ಲೇ ನಡೆಯುವ ಬದುಕು ಕಂಡು ಬೆಚ್ಚಿ, ಸ್ವದೇಶದ ಗೆಳೆಯನಿಗೆ ಒಂದು ಪೋಸ್ಟ್‌ಕಾರ್ಡ್ ಬರೆದಳು. ಕಾರ್ಡು ಅಂಚೆ ಸೇರುವ ಮೊದಲೇ ಅಲ್ಲಿನ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅದರ ಪ್ರತಿಗಳು ಹಂಚಿಹೋದವು, ಪ್ರತಿಭಟನೆ ನಡೆಯಿತು, ಅಮೆರಿಕನ್ನರೊಂದಿಗೆ ಊಟಕ್ಕೆ ಕೂರಲು ವಿದ್ಯಾರ್ಥಿಗಳು ಒಪ್ಪಲಿಲ್ಲ. ಆಕೆ ಕ್ಷಮೆ ಕೇಳಿ ದೇಶ ಬಿಡಬೇಕಾಯಿತು. ಬರೆದದ್ದು ಸುಳ್ಳಲ್ಲದಿರಬಹುದು. ಆದರೆ ಮನೆಯೊಳಗೆ ಕಾಲಿಟ್ಟು ವಾರಗಳಷ್ಟೇ ಆಗಿರುವ ಅತಿಥಿ ಆ ಮನೆಯ ಬಗ್ಗೆ ಹೊರಗೆ ತೀರ್ಪು ಕೊಟ್ಟರೆ ಮನೆಯವರಿಗೆ ಏನನ್ನಿಸುತ್ತದೆ? ಆಗ ಒಂದು ಕಾರ್ಡು ಬೇಕಿತ್ತು. ಈಗ ಪ್ರತಿ ಹುಡುಗನ ಕೈಯಲ್ಲೂ ಮೊಬೈಲ್ ಇದೆ, ಕೊಳಗೇರಿಯ ಮಕ್ಕಳ ಫೋಟೊ ಅವರ ತಾಯಂದಿರನ್ನು ಕೇಳದೆ ನಿಮಿಷದಲ್ಲಿ ಸಮುದ್ರ ದಾಟುತ್ತದೆ. ಈ ವಿಷಯದಲ್ಲಿ ನಮ್ಮ ಸಂಸ್ಥೆಗಳು ಇನ್ನೂ ಬಿಗಿಯಾಗಬೇಕು. ಮೊದಲ ವಾರ ಕ್ಯಾಮೆರಾ ಹೊರಗೆ ತೆಗೆಯುವಂತಿಲ್ಲ ಎಂದರೆ ಯಾರಿಗೂ ನಷ್ಟವಿಲ್ಲ.

ಇನ್ನೂ ಕಟುವಾಗಿ ಹೇಳಿದವರು ಚಿಂತಕ ಇವಾನ್ ಇಲಿಚ್. 1968ರ ಏಪ್ರಿಲ್‌ನಲ್ಲಿ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಉದ್ಧಾರಕ್ಕೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ನಿಂತು, ನಿಮ್ಮ ಸದುದ್ದೇಶ ನಮಗೆ ಬೇಡ ಎಂದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು. ನಾನು ಅಷ್ಟು ದೂರ ಹೋಗಲಾರೆ. ಬಂದವರಿಂದ ಒಳ್ಳೆಯದಾದ ಉದಾಹರಣೆಗಳು ಕಣ್ಣ ಮುಂದೆಯೇ ಇವೆ. ಆದರೆ ಇಲಿಚ್ ಹೇಳಿದ ಮೊದಲ ಮೂರು ಮಾತು ಮೊದಲ ಭೇಟಿಗೆ ಅಕ್ಷರಶಃ ಹೊಂದುತ್ತವೆ.

ಮೊದಲು ನೋಡಿ ತಿಳಿಯುವ ಈ ಕ್ರಮವನ್ನು ನಡೆದು ತೋರಿಸಿದವರು ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್. ಅಪ್ಪ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು, ಮಗ ಎಂಜಿನಿಯರ್, ಯುದ್ಧವಿರೋಧಿ. ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ವೆರ್ದನ್ ಬಳಿಯ ಎನ್ ಎಂಬ ಹಳ್ಳಿಯಲ್ಲಿ 1920ರಲ್ಲಿ ಶತ್ರುದೇಶಗಳ ಯುವಕರನ್ನು ಒಟ್ಟುಗೂಡಿಸಿ ಮನೆ ಕಟ್ಟಿಸಲು ಹೊರಟರು. ಇಂದಿನ ಅಂತರರಾಷ್ಟ್ರೀಯ ಸ್ವಯಂಸೇವೆಯ ಮೂಲ ಅದೇ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅವರು ಭಾರತಕ್ಕೆ ಬಂದರು. ಮೊದಲ ಸಲ ಬಂದದ್ದು ನೋಡಲು, ವಿಚಾರಿಸಲು. ಪರಿಹಾರ ಕಾರ್ಯ ನಡೆಸುತ್ತಿದ್ದ ರಾಜೇಂದ್ರ ಪ್ರಸಾದರಂಥವರನ್ನು ಕಂಡು, ಯಾವ ಹಳ್ಳಿಗೆ ಏನು ಬೇಕೆಂದು ತಿಳಿದು ವಾಪಸು ಹೋದರು. ಆಮೇಲೆ ಬೆರಳೆಣಿಕೆಯ ಸಂಗಡಿಗರೊಂದಿಗೆ ಮರಳಿ ಬಂದು, ನೆರೆಗೆ ಸಿಕ್ಕುವ ತಗ್ಗಿನ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಮತ್ತೆ ಕಟ್ಟುವ ಕೆಲಸಕ್ಕೆ ಹಳ್ಳಿಯವರ ಜೊತೆ ಗುದ್ದಲಿ ಹಿಡಿದರು. ತೀರ ತುರ್ತು ಎನ್ನಿಸುವ ಭೂಕಂಪದಲ್ಲೂ ಒಂದು ಪೂರ್ತಿ ಪ್ರಯಾಣವನ್ನು ತಿಳಿಯುವುದಕ್ಕೇ ಮೀಸಲಿಟ್ಟರಲ್ಲ, ಆ ಸಂಯಮ ದೊಡ್ಡದು.

ಪೀಸ್ ಕೋರ್ ಭಾರತಕ್ಕೂ ಬಂತು. ಮೊದಲ ತಂಡ 1961ರ ಕೊನೆಯಲ್ಲಿ ಪಂಜಾಬಿಗೆ ಬಂದಿತು. 1976ರಲ್ಲಿ ಕಾರ್ಯಕ್ರಮ ನಿಲ್ಲುವವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದು ಹೋದರು. ಆಗಿನ ಮೈಸೂರು ರಾಜ್ಯಕ್ಕೂ ಕೋಳಿ ಸಾಕಣೆ, ಕೃಷಿ, ಆರೋಗ್ಯದಂಥ ಕೆಲಸಗಳಿಗೆ ಅವರು ಬಂದಿದ್ದರು. ಅವರಿಗೆ ಕನ್ನಡ ಕಲಿಸಿ ಕಳಿಸುತ್ತಿದ್ದರು ಎಂಬುದು ಮೆಚ್ಚಬೇಕಾದ ಸಂಗತಿ. ಕಾಲೇಜು ಮುಗಿಸಿದ ಕೂಡಲೇ ಬಂದ ಹುಡುಗರಿಗೆ ರೈತನಿಗೆ ಕಲಿಸುವಷ್ಟು ಬೇಸಾಯ ಗೊತ್ತಿತ್ತೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆ. ಆ ಪೀಳಿಗೆಯಲ್ಲಿ ನನಗೆ ಹೆಚ್ಚು ಗೌರವವಿರುವುದು ಒಬ್ಬ ಹಿರಿಯ ಹೆಂಗಸಿನ ಬಗ್ಗೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, 68ರ ವಯಸ್ಸಿನಲ್ಲಿ, ಮುಂಬಯಿ ಬಳಿಯ ವಿಕ್ರೋಲಿಗೆ ಬಂದರು. ಮೊದಲು ಕೊಟ್ಟದ್ದು ಕುಟುಂಬ ಯೋಜನೆಯ ಕೆಲಸ. ನರ್ಸ್ ಆಗಿದ್ದ ಅವರು ಅಲ್ಲಿನ ಚಿಕಿತ್ಸಾಲಯಕ್ಕೆ ಬಂದು, ರೋಗಿಗಳ ನಡುವೆ ತಮ್ಮ ನಿಜವಾದ ಕೆಲಸವನ್ನು ಕಂಡುಕೊಂಡರು. ಕಾಗದದಲ್ಲಿ ಬರೆದ ಕೆಲಸ ಒಂದು, ಊರು ತೋರಿಸಿಕೊಟ್ಟ ಕೆಲಸ ಇನ್ನೊಂದು.

ಕರಾವಳಿಯ ಹಳೆಯ ಕತೆ ಬೇರೆ. 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂವರು ಮತಪ್ರಚಾರಕ್ಕೆ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಎರಡು ವರ್ಷದ ಬಳಿಕ ಬಂದ ಮೋಗ್ಲಿಂಗ್ ಇಲ್ಲಿ ಕೂತು ಕೇಳಿಸಿಕೊಂಡದ್ದರಿಂದಲೇ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು, ದಾಸರ ಹಾಡುಗಳು ಅಚ್ಚಾದವು. 1853ರಲ್ಲಿ ಬಂದ ಕಿಟ್ಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ. ಹೇಳಲು ಬಂದವರೂ ಕೇಳಲು ಕಲಿತಾಗ ಊರಿಗೆ ಏನು ಉಳಿಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕೂರುವುದು ಸುಲಭ ಅಂದುಕೊಳ್ಳಬಾರದು. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗೋರ್ ಅಮೆರಿಕಕ್ಕೆ ಹೋಗಿ ಬಂದ ಇನ್ನೂರು ಮಂದಿ ಫುಲ್‌ಬ್ರೈಟ್ ವಿದ್ಯಾರ್ಥಿ, ವಿದ್ವಾಂಸರನ್ನು ಮಾತಾಡಿಸಿ 1955ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಪಯುಕ್ತ. ಆರು ತಿಂಗಳೊಳಗೆ ಮರಳಿದವರು ಖುಷಿಯಾಗಿದ್ದರು, ಹದಿನೆಂಟು ತಿಂಗಳು ದಾಟಿದವರೂ ಖುಷಿಯಾಗಿದ್ದರು, ನಡುವಿನವರಿಗೇ ಹೆಚ್ಚು ಒಂಟಿತನ. ಮೊದಲ ಉತ್ಸಾಹ ಇಳಿದ ಮೇಲೆ, ಊರು ಇನ್ನೂ ತನ್ನದಾಗುವ ಮೊದಲು, ಒಂದು ಕಷ್ಟದ ಕಾಲ ಬರುತ್ತದೆ. ಚಟ್ನಿ ಖಾರ, ನಾಯಿ ಬೊಗಳುವ ರಾತ್ರಿ, ಎಲ್ಲರೂ ಕೇಳುವ ಅದೇ ಪ್ರಶ್ನೆ, ಯಾರಿಗೂ ಹೇಳಿಕೊಳ್ಳಲಾಗದ ಮನೆಯ ನೆನಪು. ಆಗ ಆ ಹುಡುಗನಿಗೆ ಬೇಕಾಗುವುದು ಸಂಯೋಜಕರ ಇ-ಮೇಲ್ ಅಲ್ಲ, “ಯಾಕೋ ಸಪ್ಪಗಿದ್ದೀಯ, ಮೊಸರನ್ನ ಕಲಸಿ ಕೊಡ್ಲಾ?” ಎನ್ನುವ ಒಂದು ಮನೆ. ಹೋಟೆಲಿನಲ್ಲೋ ಹಾಸ್ಟೆಲಿನಲ್ಲೋ ಇಳಿಸಿದ ಸ್ವಯಂಸೇವಕರಿಗೆ ಅದು ಸಿಗುವುದಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ವಿದೇಶಿಯರು ಬಂದರೆ ನಾವು ಅವರನ್ನು ತೀರ ಮೇಲೆ ಕೂರಿಸುತ್ತೇವೆ. ಹಾರ, ಶಾಲು, ಭಾಷಣ, ಮಕ್ಕಳಿಂದ ಸ್ವಾಗತಗೀತೆ. ಯಾವ ತರಬೇತಿಯೂ ಇಲ್ಲದ ಹದಿನೆಂಟರ ಹುಡುಗನನ್ನು ಬಿಳಿಯ ಎಂಬ ಒಂದೇ ಕಾರಣಕ್ಕೆ ತರಗತಿಯ ಮುಂದೆ ನಿಲ್ಲಿಸುತ್ತೇವೆ, ಹತ್ತು ವರ್ಷ ಪಾಠ ಮಾಡಿದ ಮೇಷ್ಟರು ಬದಿಗೆ ನಿಲ್ಲುತ್ತಾರೆ. ಇದರಿಂದ ಆ ಹುಡುಗನಿಗೂ ಅನ್ಯಾಯ, ಮೇಷ್ಟರಿಗೂ ಅವಮಾನ. ಇನ್ನೂ ಗಂಭೀರವಾದದ್ದು ಮಕ್ಕಳ ಅನಾಥಾಲಯಗಳಿಗೆ ಎರಡು ವಾರಕ್ಕೆ ಬಂದು ಹೋಗುವವರ ಸಾಲು. ಮೊದಲೇ ತಂದೆತಾಯಿಯ ಅಗಲಿಕೆ ಕಂಡ ಮಗು ಪ್ರತಿ ತಿಂಗಳೂ ಹೊಸ ಅಕ್ಕನನ್ನು ಅಪ್ಪಿಕೊಂಡು ಪ್ರತಿ ತಿಂಗಳೂ ಕಳೆದುಕೊಳ್ಳಬೇಕು. ಇಂಥ ಭೇಟಿಗಳ ಹಣಕ್ಕಾಗಿಯೇ ಮಕ್ಕಳನ್ನು ಮನೆಯಿಂದ ತಂದಿಡುವ ದಂಧೆ ಕೆಲವು ದೇಶಗಳಲ್ಲಿ ಬೆಳೆದದ್ದರಿಂದ, ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾನೂನು ತರುವಾಗ ಅದನ್ನೂ ಗಣನೆಗೆ ತೆಗೆದುಕೊಂಡಿತು. ಅಲ್ಪಾವಧಿಯ ಸ್ವಯಂಸೇವಕರನ್ನು ಮಕ್ಕಳ ಆಶ್ರಯಧಾಮಗಳಿಗೆ ಕಳಿಸಲೇಬಾರದು. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಮ್ಮ ದೇಶದ ನಿಯಮವೂ ಅವಧಿಯನ್ನು ಗಮನಿಸುತ್ತದೆ: ಪ್ರವಾಸಿ ಇ-ವೀಸಾದಲ್ಲಿ ಬಂದವರ ಸಂಬಳವಿಲ್ಲದ ಸ್ವಯಂಸೇವೆಗೆ ಒಂದು ತಿಂಗಳ ಮಿತಿ ಇದೆ. ಒಂದು ತಿಂಗಳಲ್ಲಿ ಮಗುವಿನ ಬದುಕು ತಿದ್ದಲಾಗದು. ಗ್ರಂಥಾಲಯದ ಪುಸ್ತಕ ಜೋಡಿಸಬಹುದು, ಗಿಡ ನೆಡಬಹುದು, ಒಂದು ಬೀದಿಯ ಜನರನ್ನು ಚೆನ್ನಾಗಿ ಅರಿಯಬಹುದು.

ಈಗ ನಮ್ಮ ಬೀದಿಗಳಿಂದ ಹೊರಡುವವರ ಮಾತು. ನ್ಯಾಷನಲ್ ಕಾಲೇಜಿನಲ್ಲೋ ವಿಜಯಾ ಕಾಲೇಜಿನಲ್ಲೋ ಓದಿ, ಎನ್‌ಎಸ್‌ಎಸ್ ಶಿಬಿರಗಳಲ್ಲಿ ಚರಂಡಿ ತೋಡಿ, ಈಗ ವಿಶ್ವಸಂಸ್ಥೆಯ ಸ್ವಯಂಸೇವಕರಾಗಿಯೋ ವೈದ್ಯಕೀಯ ತಂಡಗಳ ಜೊತೆಗೋ ಹೊರದೇಶಕ್ಕೆ ಹೋಗುವ ಮಕ್ಕಳು ನಮ್ಮಲ್ಲಿದ್ದಾರೆ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಮೆಂತ್ಯದ ಹಿಟ್ಟು ತುಂಬಿ ಕಳಿಸುವ ತಾಯಂದಿರಿಗೆ ನನ್ನದೊಂದು ವಿನಂತಿ ಇದೆ. ಅಲ್ಲಿನ ಮನೆಯವರು ಮೊದಲ ದಿನ ಏನು ಬಡಿಸುತ್ತಾರೋ ಅದರಲ್ಲಿ ನಿನ್ನ ಪಥ್ಯಕ್ಕೆ ಹೊಂದುವುದನ್ನು ಮನಸಾರೆ ತಿನ್ನು, ಹೊಂದದ್ದನ್ನು ಕೈಮುಗಿದು ಕಾರಣ ಹೇಳಿ ಬಿಡು, ಮೂಗು ಮಾತ್ರ ಮುರಿಯಬೇಡ ಎಂದು ಹೇಳಿ ಕಳಿಸಿ. ಆಫ್ರಿಕಾದ ಹಳ್ಳಿಗೆ ಹೋದ ನಮ್ಮ ಹುಡುಗ ಅಲ್ಲಿನವರ ಬಣ್ಣದ ಬಗ್ಗೆ, ಊಟದ ಬಗ್ಗೆ ಫೋನಿನಲ್ಲಿ ಆಡುವ ಮಾತು ಇಬಾದಾನಿನ ಆ ಕಾರ್ಡಿಗಿಂತ ಬೇರೆಯಾಗಿರಬೇಕಾದರೆ, ಅದನ್ನು ಕಲಿಸುವ ಜಾಗ ನಮ್ಮ ನಡುಮನೆಯೇ. ಬಿಳಿಯರನ್ನು ಮೇಲೆ ಕೂರಿಸುವ, ಕರಿಯರನ್ನು ಸಂಶಯದಿಂದ ನೋಡುವ ನಮ್ಮ ಚಾಳಿ ಹುಡುಗರ ಜೊತೆ ವಿಮಾನ ಹತ್ತುತ್ತದೆ.

ಬಸವನಗುಡಿಗೆ ಹೊರಗಿನವರನ್ನು ಒಳಗೆ ಕರೆದುಕೊಳ್ಳುವ ಅಭ್ಯಾಸ ಹೊಸದೇನಲ್ಲ. ಬಿ.ಪಿ. ವಾಡಿಯಾ ಮತ್ತು ಕೊಲಂಬಿಯಾದಲ್ಲಿ ಹುಟ್ಟಿದ ಸೋಫಿಯಾ ವಾಡಿಯಾ ದಂಪತಿ 1945ರಲ್ಲಿ ಇಲ್ಲಿ ಕಟ್ಟಿದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯ ಸಭಾಂಗಣದಲ್ಲಿ ಹೊರದೇಶದವರ ಮಾತು ಕೇಳಿ ಬೆಳೆದ ತಲೆಮಾರುಗಳಿವೆ. ಅದೇ ವರ್ಷ ಡಿ.ವಿ.ಜಿ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಶುರು ಮಾಡಿದರು. ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿದೆ. ಕೈಯಳತೆಯಲ್ಲಿ ಇಷ್ಟೆಲ್ಲ ಇರುವಾಗ, ಸ್ವಯಂಸೇವಕರನ್ನು ಕರೆಸುವ ಸಂಸ್ಥೆಗಳು ಅವರಿಗೆ ಕನ್ನಡದ ನೂರು ವಾಕ್ಯ ಕಲಿಸದೆ ಕೆಲಸಕ್ಕೆ ಹಚ್ಚುವುದಕ್ಕೆ ಕ್ಷಮೆಯಿಲ್ಲ. ಮೊದಲ ಎರಡು ವಾರ ಬೆಳಿಗ್ಗೆ ಭಾಷೆ, ಸಂಜೆ ಮನೆ, ನಡುವೆ ಗಾಂಧಿ ಬಜಾರಿನಲ್ಲಿ ಹೂವು ತರಕಾರಿ ಚೌಕಾಸಿ. ಕೆಲಸ ಆಮೇಲೆ. ಅದಕ್ಕೆ ತಗಲುವ ಖರ್ಚು ಒಂದು ಶಾಲು ಹಾರದ ಸಮಾರಂಭಕ್ಕಿಂತ ಹೆಚ್ಚೇನೂ ಆಗದು.

ವಿಶ್ವಸಂಸ್ಥೆ 1985ರಲ್ಲಿ ಘೋಷಿಸಿದಂತೆ ಪ್ರತಿ ಡಿಸೆಂಬರ್ 5 ಸ್ವಯಂಸೇವಕರ ದಿನ. ನಿಮ್ಮ ಬೀದಿಯ ಸಮೀಪದ ಯಾವುದಾದರೂ ಸಂಸ್ಥೆಗೆ ಹೊಸಬರು ಬಂದಿದ್ದರೆ ಅವರ ಸಂಯೋಜಕರಿಗೆ ಒಂದು ಫೋನ್ ಮಾಡಿ, ಆವತ್ತು ರಾತ್ರಿ ಇಬ್ಬರನ್ನು ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ. ಎಲೆ ಹಾಕಿ ಬಡಿಸಿ, ಅವರ ಅಮ್ಮನ ಹೆಸರು ಕೇಳಿ, ನಿಮ್ಮ ಬೀದಿಗೆ ಏನು ಬೇಕೆಂದು ಅವರು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ.